ನಾಲ್ಕು ನಿಮಿಷದ ಲೆಕ್ಕ

ಇಂಗ್ಲೆಂಡಿನ ಒಂದು ಸಣ್ಣ ಊರು. ಅಲ್ಲಿನ ಶಾಲೆಯಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತರಾದವರು ಪದ್ಮನಾಭಯ್ಯ. ವಯಸ್ಸು ಎಂಬತ್ತೊಂದು.

ಹೆಂಡತಿ ಅಂಬುಜಮ್ಮನಿಗೆ ಮರೆವಿನ ಕಾಯಿಲೆ. ಐವತ್ತು ವರ್ಷ ಆಡಿದ ಇಂಗ್ಲಿಷೇ ಮೊದಲು ಅಳಿಸಿಹೋಯಿತು... ಉಳಿದದ್ದು ಕನ್ನಡ ಮಾತ್ರ.

ನೋಡಿಕೊಳ್ಳಲು ಬಂದ ಕೇರರ್‌ಗಳು ಇಂಗ್ಲಿಷಿನಲ್ಲಿ ಎಷ್ಟು ಅಕ್ಕರೆಯಿಂದ ಕರೆದರೂ ಆಕೆ ತುಟಿ ಬಿಗಿದು ಕೂರುತ್ತಿದ್ದರು. ಗಂಡ ಕೈತುತ್ತು ಹಿಡಿದರೂ ಮುಖ ತಿರುಗಿಸುತ್ತಿದ್ದರು. ಒಂದು ತುತ್ತೂ ಒಳಗೆ ಇಳಿಯುತ್ತಿರಲಿಲ್ಲ.

ಆಮೇಲೆ ಬಂದವಳು ಶ್ರಾವ್ಯಾ. ಇಪ್ಪತ್ತೇಳರ ಹುಡುಗಿ. ಹೋಟೆಲಿನಲ್ಲಿ ಅಡುಗೆ ಮಾಡುವ ಅಪ್ಪನ ಜೊತೆ ಆರನೇ ವಯಸ್ಸಿನಲ್ಲಿ ಹಾಸನದಿಂದ ಬಂದವಳು.

"ಅಜ್ಜಿ, ಬಾಯಿ ತೆಗೀರಿ. ಇಲ್ಲದಿದ್ರೆ ಈ ಉಪ್ಪಿಟ್ಟು ತಾತನ ಪಾಲಾಗತ್ತೆ."

"ಅವರಿಗೆ ಕೊಡಬೇಡ. ಉಪ್ಪು ಕಮ್ಮಿ ಅಂತಾರೆ."

ಒಂದು ತಿಂಗಳಿನಿಂದ ಮಾತೇ ಆಡದಿದ್ದ ಅಂಬುಜಮ್ಮ ಹೀಗೆಂದು ಬಾಯಿ ತೆರೆದರು. ಪದ್ಮನಾಭಯ್ಯನವರಿಗೆ ಹೋದ ಜೀವ ಬಂದಂತಾಯಿತು.

ಆದರೂ ಮೇಷ್ಟರ ಬುದ್ಧಿ ಎಲ್ಲಿಗೆ ಹೋದೀತು? ಬೆಳಿಗ್ಗೆ ಎಂಟಕ್ಕೆ ಗಡಿಯಾರ ನೋಡುತ್ತ ಬಾಗಿಲಲ್ಲೇ ನಿಂತಿರುತ್ತಿದ್ದರು.

"ಏಳು ನಿಮಿಷ ತಡ."

"ಎರಡನೇ ಬಸ್ಸು ಕೈಕೊಟ್ಟಿತು ತಾತ."

"ಬಸ್ಸಿನ ಮೇಲೆ ಯಾಕೆ ಹಾಕುತ್ತೀ? ನಿನ್ನ ವಯಸ್ಸಿಗೆ ನಾನು ಈ ಮನೆಯನ್ನೇ ಕೊಂಡಿದ್ದೆ."

"ಗೊತ್ತು. ದಿನಾ ಹೇಳ್ತೀರಿ. ಇವತ್ತು ಇನ್ನೂ ಹೇಳಲಿಲ್ಲವಲ್ಲ ಅಂತ ನೋಡ್ತಿದ್ದೆ," ಎಂದು ನಗುತ್ತ ಒಳಗೆ ಹೋಗುತ್ತಿದ್ದಳು.

ಒಂದು ದಿನ ಬೀದಿಯ ದೀಪದ ಕಂಬಕ್ಕೆ ಕೌನ್ಸಿಲ್ಲಿನವರು, ಅಂದರೆ ಅಲ್ಲಿನ ಪುರಸಭೆಯವರು, ನೋಟಿಸ್ ಅಂಟಿಸಿದರು. ಪದ್ಮನಾಭಯ್ಯನವರ ಮನೆಯ ಹಿಂದಿರುವ ಖಾಲಿ ಮೈದಾನದಲ್ಲಿ ಮೂವತ್ತಾರು ಸಣ್ಣ ಮನೆ ಕಟ್ಟುವ ಯೋಜನೆ. ಆಕ್ಷೇಪಣೆ ಇದ್ದವರು ಬರೆದು ತಿಳಿಸಬಹುದು...

ಪಕ್ಕದ ಮನೆಯ ಮುದುಕಿ ಮಾರ್ಗರೆಟ್ ಓಡಿಬಂದಳು. "ನೀವು ಲೆಕ್ಕದವರು. ನಾವು ಬರೆದರೆ ಗೊಣಗಾಟ, ನೀವು ಬರೆದರೆ ಪುರಾವೆ."

ಪದ್ಮನಾಭಯ್ಯನವರು ಮೂರು ಬೆಳಗು ಊರುಗೋಲು ಹಿಡಿದು ಬೀದಿಯ ತಿರುವಿನಲ್ಲಿ ನಿಂತು ಕಾರುಗಳನ್ನು ಎಣಿಸಿದರು. ಮೂವತ್ತಾರು ಮನೆ ಬಂದರೆ ಎಷ್ಟು ಕಾರು, ಆ ತಿರುವಿನಲ್ಲಿ ಎಷ್ಟು ಹೊತ್ತು ಕಾಯಬೇಕು... ಎಲ್ಲವನ್ನೂ ಭಾಗಿಸಿ, ಗುಣಿಸಿ ಬರೆದರು.

ಉತ್ತರ: ಪ್ರತಿ ಕಾರಿಗೆ ನಾಲ್ಕು ನಿಮಿಷ ಹೆಚ್ಚು.

ಕೌನ್ಸಿಲ್ಲಿನ ಸಭೆಯಲ್ಲಿ ಆ ಕಾಗದವನ್ನು ಗಟ್ಟಿಯಾಗಿ ಓದಿದರು. ಒಂದೇ ಒಂದು ಮತದ ಅಂತರದಲ್ಲಿ ಯೋಜನೆ ಬಿದ್ದುಹೋಯಿತು.

ಮರುದಿನ ಮಾರ್ಗರೆಟ್ ಕೇಕ್ ತಂದುಕೊಟ್ಟಳು.

"ಏನು ವಿಶೇಷ ತಾತ?" ಎಂದಳು ಶ್ರಾವ್ಯಾ.

"ಮೈದಾನ ಉಳಿಯಿತು. ನನ್ನ ಕಾಗದದಿಂದ."

ಅವಳು ಕೇಕನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಅಂಬುಜಮ್ಮನಿಗೆ ತಿನ್ನಿಸಿದಳು. ತಾನು ಮಾತ್ರ ತಿನ್ನಲಿಲ್ಲ...

ಎಂಟು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅವಳು ಕೋಟನ್ನೂ ತೆಗೆಯದೆ ಹೇಳಿದಳು:

"ತಾತ, ಶುಕ್ರವಾರ ನನ್ನ ಕೊನೇ ದಿನ. ನಾನಿರೋ ಊರಿನಲ್ಲೇ ಗೋಡೌನ್ ಕೆಲಸ ಸಿಕ್ಕಿದೆ. ನಡೆದುಕೊಂಡು ಹೋಗಬಹುದು."

ಪದ್ಮನಾಭಯ್ಯನವರು ಗಡಿಯಾರ ಬಿಟ್ಟು ಅವಳತ್ತ ತಿರುಗಿದರು. "ಅವಳು ನಿನ್ನ ಕೈಯಲ್ಲಲ್ಲದೆ ಬೇರೆಯವರ ಕೈಯಲ್ಲಿ ಉಣ್ಣುವುದಿಲ್ಲ. ಈ ಊರಲ್ಲೇ ಎಲ್ಲಾದರೂ ಮನೆ ಮಾಡಬಾರದೇ?"

ಅವಳು ಕಿಟಕಿಯಾಚೆಯ ಮೈದಾನದತ್ತ ನೋಡಿದಳು.

"ಆ ಮೂವತ್ತಾರರಲ್ಲಿ ಒಂದಕ್ಕೆ ಹೆಸರು ಕೊಟ್ಟಿದ್ದೆ ತಾತ. ಇಲ್ಲಿ ಕೆಲಸ ಮಾಡೋರಿಗೆ ಮೊದಲು ಅಂದಿದ್ದರು. ಸಿಕ್ಕಿದ ಮೇಲೆ ನಿಮಗೆ ಹೇಳೋಣ ಅಂತಿದ್ದೆ. ಆ ಮನೆಯ ಅಡುಗೆಮನೆ ಕಿಟಕಿಯಿಂದ ಅಜ್ಜಿ ಕಾಣಿಸ್ತಿದ್ದರು..."

"ನನಗೆ ಮೊದಲೇ ಹೇಳಬೇಕಿತ್ತು."

"ನೀವು ನನಗೆ ಹೇಳೋ ಹೊತ್ತಿಗೆ ಎಲ್ಲ ಮುಗಿದಿತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವರಿಗೆ ಹೆಚ್ಚು ಚುಚ್ಚಿತು.

"ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಬರೋಕೆ ಒಂದು ಗಂಟೆ ಐವತ್ತು ನಿಮಿಷ, ಹೋಗೋಕೆ ಒಂದು ಗಂಟೆ ಐವತ್ತು ನಿಮಿಷ... ಇದನ್ನು ಮಾತ್ರ ಎಲ್ಲೂ ಸೇರಿಸಿರಲಿಲ್ಲ."

ಪದ್ಮನಾಭಯ್ಯನವರು ಮೆಲ್ಲಗೆ ಕುರ್ಚಿಯಲ್ಲಿ ಕುಳಿತರು. ಕಾರುಗಳನ್ನು ಎಣಿಸಿದ್ದರು. ಆ ಮನೆಗಳಿಗೆ ಬರಬೇಕಾಗಿದ್ದ ಮನುಷ್ಯರನ್ನು ಎಣಿಸಿರಲಿಲ್ಲ. ಉಳಿಸಿದ ನಾಲ್ಕು ನಿಮಿಷವೂ ತಮ್ಮದಲ್ಲ. ತಮ್ಮ ಕಾರನ್ನು ಮಾರಿ ಎರಡು ವರ್ಷವಾಗಿತ್ತು.

"ಎಲ್ಲ ತಿಳಿದೂ ಎಂಟು ತಿಂಗಳು ಬಂದೆಯಲ್ಲ ತಾಯಿ... ಯಾಕೆ?"

"ಕಾಗದ ಬರೆದದ್ದು ಅಜ್ಜಿ ಅಲ್ಲವಲ್ಲ ತಾತ."

ಶುಕ್ರವಾರ ಅವಳು ಅಂಬುಜಮ್ಮನ ತಲೆ ಬಾಚಿ, ಹಣೆಗೆ ಕುಂಕುಮವಿಟ್ಟು ಹೊರಟುಹೋದಳು.

ಪದ್ಮನಾಭಯ್ಯನವರು ಕೌನ್ಸಿಲ್ಲಿಗೆ ಇನ್ನೊಂದು ಕಾಗದ ಬರೆದರು. ತಮ್ಮ ಆಕ್ಷೇಪಣೆಯನ್ನು ಹಿಂದಕ್ಕೆ ಪಡೆಯುವುದಾಗಿ. ಎರಡು ಸಾಲಿನ ಉತ್ತರ ಬಂತು: ಕಟ್ಟುವವರು ಬೇರೆ ಊರಿಗೆ ಹೋಗಿದ್ದಾರೆ, ಕಡತ ಮುಚ್ಚಿದೆ.

ಹೊಸ ಕೇರರ್ ಒಳ್ಳೆಯ ಹೆಂಗಸು. ಕನ್ನಡ ಬಾರದು. ತಟ್ಟೆ ಹಾಗೆಯೇ ಆರುತ್ತದೆ...

ಈಗ ಬೆಳಿಗ್ಗೆ ಎಂಟಕ್ಕೆ ಬಾಗಿಲಿನತ್ತ ನೋಡುವವರು ಅಂಬುಜಮ್ಮ.

"ಹುಡುಗಿ ಬರಲಿಲ್ಲವೇ?"

"ಸ್ವಲ್ಪ ತಡವಾಗಿದೆ."

"ಎಷ್ಟು ನಿಮಿಷ?"

ಜೀವನವಿಡೀ ಪ್ರತಿ ಪ್ರಶ್ನೆಗೂ ಅಂಕಿಯಲ್ಲೇ ಉತ್ತರ ಕೊಟ್ಟ ಮನುಷ್ಯ ಗಡಿಯಾರ ನೋಡಿದರು. ಕಣ್ಣು ಮಂಜಾಗಿತ್ತು. ಮುಳ್ಳು ಕಾಣಿಸಲಿಲ್ಲ...

*

ಹಿರಿಯರ ಅನಾನುಕೂಲವನ್ನು ಮಾತ್ರ ಕೂಡಿ, ಕಿರಿಯರ ಬದುಕನ್ನು ಬಿಟ್ಟು ಮಾಡಿದ ಲೆಕ್ಕ ಎಷ್ಟೇ ಸರಿಯಿದ್ದರೂ ಅದು ನ್ಯಾಯವಲ್ಲ.

ನೀವು ಕೊನೆಯ ಬಾರಿ 'ಇದು ನಮ್ಮ ಬೀದಿಗೆ ಬೇಡ' ಎಂದು ಸಹಿ ಹಾಕಿದಾಗ... ಅದಕ್ಕಾಗಿ ಕಾಯುತ್ತಿದ್ದವರು ಯಾರೆಂದು ಒಮ್ಮೆಯಾದರೂ ಕೇಳಿದ್ದಿರಾ?