ಸದಸ್ಯ ಸಂಖ್ಯೆ ನಲವತ್ತೇಳು

ಗಗನಾ ಡಿಲೀಟ್ ಒತ್ತಿದ್ದೇ ತಡ, ಪರದೆಯ ಮೇಲಿಂದ ಅಜ್ಜನ ಹೆಸರಿನ ಜೊತೆ ಅಜ್ಜಿ ಈರಮ್ಮನ ಹೆಸರೂ ಮಾಯವಾಯಿತು.

ಕಾಲೇಜಿನ ಡೇಟಾಬೇಸ್ ಪ್ರಾಜೆಕ್ಟಿಗೆಂದು ಅವಳು ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ನೆಲೆಸಿದ ಬೀದರಿನವರ ಸಂಘದ ಸದಸ್ಯರ ಪಟ್ಟಿ ಸಿದ್ಧಪಡಿಸುತ್ತಿದ್ದಳು. ಎಂದೂ ಗಂಡನ ಹೆಸರು ಹೇಳದ ಈರಮ್ಮ ಅದರ ಮೇಲೆ ಬೆರಳಿಟ್ಟು, "ಇವರು ಹೋಗಿ ವರ್ಷಾತು, ತಗಿ" ಎಂದಿದ್ದಳು.

"ಅವರನ್ನ ತಗದ್ರ ನಾ ಯಾಕ ಹೋದೆ?" ಈರಮ್ಮ ಕನ್ನಡಕ ಏರಿಸಿಕೊಂಡು ಕೇಳಿದಳು.

"ನಿನ್ನ ಹೆಸರು ಅಜ್ಜಾನ ಹೆಸರಿಗೆ ಕಟ್ಟಿಬಿಟ್ಟಿದ್ದೆ, ಆಯಿ. ಅದು ಹೋದ್ರ ಇದೂ ಹೋಗ್ತದ. ಚೂಕ್ ನಂದೇ, ನಿಂದೇನೂ ತಪ್ಪಿಲ್ಲ."

ಗಗನಾ ಇಬ್ಬರ ಹೆಸರನ್ನೂ ಮರಳಿ ತಂದು, ಅಜ್ಜಿಗೆ ಅವಳದೇ ಆದ ಸದಸ್ಯ ಸಂಖ್ಯೆ ಕೊಟ್ಟಳು. ನಲವತ್ತೇಳು.

ಈರಮ್ಮ ಅದನ್ನು ಎರಡು ಸಲ ಓದಿದಳು. ಆಮೇಲೆ ಮತ್ತೆ ಗಂಡನ ಹೆಸರಿನ ಮೇಲೆ ಬೆರಳಿಟ್ಟಳು.

"ಈಗ ತಗಿ. ನಾ ಉಳೀತೀನೇನು ನೋಡೋಣ."