ಮಾತಿನ ಕಾಳು

ಫೋನಲ್ಲಿ ಕಳಿಸಿದ ಮಾತೆಲ್ಲಾ ನಮ್ಮೂರಲ್ಲಿ ಅವರೆಕಾಳಿನಂಗೆ ಉದುರ್ತದೆ. ಕಿವಿಗಿಟ್ಕಂಡ್ರೆ ಮಾತಾಡ್ತದೆ. ಅದನ್ನೆಲ್ಲಾ ಜಾಡೀಲಿ ತುಂಬಿಡೋ ಉಗ್ರಾಣದಲ್ಲಿ ಕಸ ಗುಡಿಸೋಳು ನಾನು, ಸಣ್ಣತಾಯಮ್ಮ. ಜಾಡಿ ಎಣಿಸೋಕೆ ಒಳಕ್ಕೆ ಹೋದ ಹೈದ ಮುದುಕನಾಗಿ ಆಚೆಗೆ ಬಂದ, ಅಷ್ಟೊಂದು ಜಾಡಿ ಅವೆ.

ಇಂಜಿನಿಯರ್ ಹರ್ಷಿಣಿ ಆಳಿಗೊಂದು ಜಾಡಿ ಇಟ್ಟಿದ್ಲು. ಇಬ್ಬರು ಆಡಿದ್ದು ಬೇಕಂದ್ರೆ ಎರಡು ಜಾಡಿ ಸುರಿದು, ಯಾವುದು ಮೊದಲು ಯಾವುದು ಆಮೇಲೆ ಅಂತ ಆರಿಸೋ ಹೊತ್ತಿಗೆ ಎಮ್ಮೆ ಈದು, ಕರು ಬೆಳೆದು, ಅದೂ ಈಯ್ತಿತ್ತು. ಹಿಂಗೇ ತಡ ಆದ್ರೆ ಉಗ್ರಾಣ ಮುಚ್ತೀವಿ ಅಂತ ಮೇಲಿನ ಸಾಹೇಬ್ರು ಹೇಳಿಕಳಿಸಿದ್ರು. ಹುಡುಗಿ ಅಳ್ತಾ ಕೂತ್ಲು.

"ಅಯ್ಯೋ ಪೆದ್ದಮ್ಮಿ, ಓದಿದ್ದೆಲ್ಲಾ ಎಲ್ಲಿ ಸೋರೋಯ್ತು? ಮಾತಾಡ್ಕಂಡ ಇಬ್ಬರದೂ ಒಂದೇ ಜಾಡೀಲಿರ್ಲಿ. ಹಳೇದು ತಳಕ್ಕೆ, ಹೊಸದು ಮೇಲಕ್ಕೆ. ತುಂಬಿದ್ರೆ ವರ್ಷ ಬರೆದು ಅಟ್ಟಕ್ಕೇರಿಸು. ದಿನಾ ಕೇಳೋದು ಮಾತ್ರ ಪುಟ್ಟ ಭರಣೀಲಿ ಕೈಗೆ ಸಿಗೋ ಹಂಗಿಡು. ಉಪ್ಪಿನಕಾಯಿ ಇಡಲ್ವಾ, ಹಂಗೆ!" ಅಂದೆ ನಾನು.

ಇಬ್ಬರೂ ಸೇರಿ ಒಂದು ತಿಂಗಳು ಜೋಡಿಸಿದ್ವಿ.

ಸಾಹೇಬ್ರು ಬಂದು, "ನನ್ನ ಹೆಂಡ್ತಿ ಮದುವೆಗೆ ಮುಂಚೆ ನಂಗೆ ಕಳಿಸಿದ ಮೊದಲ್ನೇ ಮಾತು ತನ್ನಿ ನೋಡನ" ಅಂದ್ರು. ಅವರ ಕಾಫಿ ನೊರೆ ಇಳಿಯೋಕೆ ಮುಂಚೆ ಹರ್ಷಿಣಿ ಕಾಳು ತಂದು ಕೈಗಿಟ್ಲು. ಕಿವಿಗಿಟ್ಕಂಡೋರ ಮುಖ ಟೊಮೇಟೊ ಆಯ್ತು.

"ಏನಂತೆ ಸ್ವಾಮಿ?"

"'ಫೋಟೋದಲ್ಲಿ ಪಕ್ಕದಲ್ಲಿರೋರು ನಿಮ್ಮಣ್ಣನಾ? ಅವರಿಗೆ ಮದುವೆ ಆಗಿದ್ಯಾ?' ಅಂತ."

ನಕ್ಕು ನಕ್ಕು ನಂಗೆ ಉಳಿದಿದ್ದ ಎರಡು ಹಲ್ಲೂ ಅಲ್ಲಾಡಿದ್ವು.

"ಉಗ್ರಾಣ ಮುಚ್ಚಲ್ಲ. ಎಲ್ಲಾ ಊರಲ್ಲೂ ಹಿಂಗೇ ಜೋಡಿಸ್ಬೇಕು. ಯಾರು ಹೇಳಿಕೊಟ್ಟಿದ್ದು?" ಅಂದ್ರು. ಹರ್ಷಿಣಿ ನನ್ನ ಕೈ ಹಿಡಿದು ಮುಂದಕ್ಕೆ ಎಳೆದ್ಲು.

ಸೆರಗು ಸರಿ ಮಾಡ್ಕಂಡು ಪೊರಕೆ ಅವರ ಮುಂದೆ ಚಾಚಿದೆ. "ಎಲ್ಲಾ ಊರಿಗೂ ಹೋಗಿ ಹೇಳ್ಕೊಡ್ತೀನಿ ಸ್ವಾಮಿ. ಅಲ್ಲೀಗಂಟ ಇಲ್ಲಿ ಕಸ ನೀವು ಗುಡಿಸ್ತೀರಾ?"