ಕತ್ತಿಯ ಮೇಲಿನ ಹೆಸರು

"ಇದು ಕೆಟ್ಟ ಕತ್ತಿ ಅಂತ ಹೇಳಿಬಿಡಿ," ಎಂದಳು ಕಿನು, ಬಟ್ಟೆ ಸುತ್ತಿದ ಕತ್ತಿಯನ್ನು ಚಾಪೆಯ ಮೇಲಿಡುತ್ತ.

ಮುನೆತೊಕಿ ತಲೆಯೆತ್ತಿದ. ಬೆಳಗಿನಿಂದ ಆ ಶಾಲೆಯ ಕೋಣೆಯಲ್ಲಿ ಅವನು ಕೇಳುತ್ತಿದ್ದುದೆಲ್ಲ ಇದಕ್ಕೆ ತದ್ವಿರುದ್ಧವಾದ ಮಾತು. ಜಪಾನು ಯುದ್ಧ ಸೋತಿತ್ತು. ಮನೆಮನೆಯ ಕತ್ತಿಗಳನ್ನೂ ಒಪ್ಪಿಸಬೇಕೆಂದು ಗೆದ್ದವರ ಆಜ್ಞೆಯಾಗಿತ್ತು. ಕುಶಲ ಕೆಲಸದವು ಮನೆಗೆ ವಾಪಸ್ಸು, ಉಳಿದವು ಕರಗಿಸುವ ಕುಲುಮೆಗೆ. ಆರಿಸಿ ಹೇಳಲು ಕತ್ತಿ ಕಮ್ಮಾರನಾದ ಅವನನ್ನೇ ಕೂರಿಸಿದ್ದರು. ಉಳಿಸಿಕೊಡಿ ಎಂದು ಮುದುಕರು ಅವನ ಮುಂದೆ ಅತ್ತು ಹೋಗಿದ್ದರು.

"ಯಾಕಮ್ಮಾ?"

ಕಿಟಕಿಯ ಬಳಿ ಬಾರ್ಲಿ ಚಹಾ ಕುಡಿಯುತ್ತಿದ್ದ ಪೊಲೀಸ್ ನೆಮೊತೊನ ಕಡೆ ನೋಡಿ ಅವಳು ದನಿ ತಗ್ಗಿಸಿದಳು. "ನಮ್ಮ ದೊಡ್ಡ ಮಗ ಸೈನ್ಯಕ್ಕೆ ಹೊರಟಾಗ ಮಾವ ಪೇಟೆಲಿ ಹುಡುಕಿ ಕೊಡಿಸಿದ್ದು. ಬರ್ಮಾದಿಂದ ಕತ್ತಿ ಬಂತು, ಅವನು ಬರ್ಲಿಲ್ಲ. ಈಗ ದಿನಾ ಬೆಳಿಗ್ಗೆ ಚಿಕ್ಕವನನ್ನ ಇದರ ಮುಂದೆ ಕೂರಿಸಿ, ಅಣ್ಣನ ಸೇಡು ತೀರಿಸ್ತೀನಿ ಅಂತ ಆಣೆ ಹಾಕಿಸ್ತಾರೆ. ನಾನೇ ಬಿಸಾಕಿದ್ರೆ ಮನೆ ಒಳಗೆ ಸೇರಿಸಲ್ಲ. ನೀವು ಹೇಳಿದ್ರೆ ನಂಬ್ತಾರೆ."

ಮುನೆತೊಕಿ ಕತ್ತಿಯನ್ನು ಒರೆಯಿಂದ ಮೆಲ್ಲಗೆ ಎಳೆದ. ಅಂಚಿನುದ್ದಕ್ಕೂ ಮಂಜಿನಂಥ ಬಿಳಿ ಅಲೆಯ ಗೆರೆ ಓಡಿತ್ತು. ಹೆಂಡತಿ ತೀರಿಹೋದ ಚಳಿಗಾಲದಲ್ಲಿ, ಊಟ ನಿದ್ದೆ ಬಿಟ್ಟು ತಾನೇ ಬಡಿದ ಕತ್ತಿ. ನೀರಿಗಿಳಿಸಿ ಎತ್ತಿದಾಗ ಈ ಅಲೆ ಕಂಡು ಒಬ್ಬನೇ ಕೂತು ಅತ್ತಿದ್ದ. ಆಮೇಲೆ ಎಷ್ಟು ಬಡಿದರೂ ಇಂಥದ್ದು ಕೈಗೆ ಬಂದಿರಲಿಲ್ಲ.

ಬಿದಿರಿನ ಮೊಳೆ ತಟ್ಟಿ ಹಿಡಿ ಕಳಚಿದ. ಒಳಗಿನ ಕಬ್ಬಿಣದ ಮೇಲೆ ತಾನು ಕೆತ್ತಿದ ಹೆಸರು ಹಾಗೆಯೇ ಇತ್ತು.

ನೆಮೊತೊ ಬಂದು ಬಗ್ಗಿದ. "ಅರೆ, ನಿಮ್ಮದೇ ಹೆಸರಲ್ವಾ ಯಜಮಾನ್ರೇ!"

ಕಿನುವಿನ ಮುಖ ಬಿಳಿಚಿಕೊಂಡಿತು. ಇದು ಅವಳಿಗೆ ಗೊತ್ತಿರಲಿಲ್ಲ.

"ಖೋಟಾ," ಎಂದ ಮುನೆತೊಕಿ. "ಯಾರೋ ನನ್ನ ಹೆಸರು ಕೆತ್ತಿ ಮಾರಿದ್ದಾರೆ. ಬೆಸುಗೆನೇ ಸರಿ ಇಲ್ಲ. ಕುಲುಮೆಗೆ ಹಾಕಿ."

"ನಿಮ್ಮ ಹೆಸರಲ್ಲೂ ಖೋಟಾನಾ? ಹಾಗಿದ್ರೆ ನೀವೂ ದೊಡ್ಡ ಮನುಷ್ಯರಾಗ್ಬಿಟ್ರಿ ಬಿಡಿ!" ನೆಮೊತೊ ಹೊಟ್ಟೆ ಹಿಡಿದು ನಕ್ಕ.

ಕಿನು ನಗಲಿಲ್ಲ. ಕಮ್ಮಾರನ ಮುಖವನ್ನೇ ನೋಡುತ್ತಿದ್ದವಳು ಹಣೆ ಚಾಪೆಗೆ ತಾಗುವಂತೆ ಬಾಗಿದಳು. ಎಷ್ಟು ಹೊತ್ತಾದರೂ ಏಳಲಿಲ್ಲ.

"ಮನೆಗೆ ಹೋಗಮ್ಮ," ಎಂದ ಅವನು. "ಮುನೆತೊಕಿನೇ ಕೈಯಲ್ಲಿ ಹಿಡಿದು ನೋಡಿ ಹೇಳಿದ ಅಂತ ನಿಮ್ಮ ಮಾವನಿಗೆ ಹೇಳು."

ಅವಳು ಹೋದ ಮೇಲೆ ನೆಮೊತೊ ಕತ್ತಿಯನ್ನು ರಾಶಿಯ ಕಡೆ ಒಯ್ಯುತ್ತ ಸುಮ್ಮನೆ ಅಂಚಿನ ಮೇಲೆ ಹೆಬ್ಬೆರಳಿಟ್ಟ. ನೋವು ಗೊತ್ತಾಗುವ ಮೊದಲೇ ರಕ್ತ ತೊಟ್ಟಿಕ್ಕಿತು.

"ಅಯ್ಯಯ್ಯೋ! ಕೆಟ್ಟ ಕತ್ತಿ ಅಂದ್ರಲ್ಲ ಯಜಮಾನ್ರೇ?"

ಮುನೆತೊಕಿ ಎದ್ದು ಬಂದು ಆ ಬೆರಳಿಗೆ ಬಟ್ಟೆ ಸುತ್ತಿದ. "ಕೊಯ್ಯೋದು ಕೆಟ್ಟ ಕತ್ತಿಗೂ ಬರುತ್ತಪ್ಪಾ," ಎಂದ. ಎರಡು ಮೂರು ಸಲ ಬಿಗಿದ. ಗಂಟು ಮಾತ್ರ ಕೂರಲೇ ಇಲ್ಲ.